ತಾನೇ ಎದ್ದು ಕೂರುವ ಫ್ಯೂಸು

ನಮ್ಮ ಕಾಲದ ಫ್ಯೂಸುಗಳು ಮರ್ಯಾದೆಯಿಂದ ಸಾಯುತ್ತಿದ್ದವು. ಬೆರಳಿನ ಗೆಣ್ಣಿನಷ್ಟು ಉದ್ದದ ಗಾಜಿನ ಕೊಳವೆ, ಅದರೊಳಗೆ ಕೂದಲೆಳೆಯಂಥ ತಂತಿ. ಕರೆಂಟ್ ಮಿತಿ ಮೀರಿ ಹರಿದರೆ ತಂತಿ ಕರಗಿ ತುಂಡಾಗುತ್ತಿತ್ತು, ಗಾಜಿಗೆ ಮಸಿ ಹಿಡಿಯುತ್ತಿತ್ತು. ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸಾವಿನ ಕಾರಣ ಗೊತ್ತಾಗುತ್ತಿತ್ತು. ಹೆಣ ಕಣ್ಣೆದುರಿಗೇ ಇರುತ್ತಿದ್ದುದರಿಂದ ಯಾರೂ ಯಾರನ್ನೂ ಸುಳ್ಳುಗಾರರೆಂದು ಕರೆಯುವ ಅಗತ್ಯ ಬೀಳುತ್ತಿರಲಿಲ್ಲ.

ಈಗ ಎಲೆಕ್ಟ್ರಾನಿಕ್ಸ್ ಸರ್ವಿಸ್ ಲೈನಿಗೆ ಬರುವ ಮಕ್ಕಳು, "ಆಂಟಿ, ನಿಮ್ಮ ಜಾಬ್ ತುಂಬಾ ಇಂಟರೆಸ್ಟಿಂಗ್ ಇದ್ದಿರಬೇಕಲ್ವಾ" ಎಂದು ಕೇಳುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಸೋಲ್ಡರಿನ ಹೊಗೆ ಕುಡಿಯುವುದು ಇಂಟರೆಸ್ಟಿಂಗ್ ಎಂದಾದರೆ ಹೌದು, ವೆರಿ ಇಂಟರೆಸ್ಟಿಂಗ್. ನನಗೆ ಯಾವ ವರ್ಷ ಯಾವ ಹುದ್ದೆ ಕೊಟ್ಟರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಹುದ್ದೆ ಏರಿದಾಗಲೆಲ್ಲ ಕುರ್ಚಿ ಬದಲಾಯಿತು, ಮೇಜಿನ ಮೇಲಿನ ರಿಪೇರಿ ಸಾಮಾನು ಹಾಗೆಯೇ ಉಳಿಯಿತು.

ನಾನು ಕಾರ್ಕಳದ ಕ್ರಿಶ್ಚಿಯನ್ ಹೆಂಗಸು, ಹಾಗಾಗಿ ನಮ್ಮ ಕಡೆಯವರಿಗೆಲ್ಲ 'ಬಾಯಿ', ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರುಗಳು ನಮಗೆ ಎರಡು ವಿದ್ಯೆ ಕಲಿಸಿದರು: ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಸಾರಿ ಹೇಳುವುದು, ಮತ್ತು ಎಂಬ್ರಾಯ್ಡರಿ. ಎಪ್ಪತ್ತರ ದಶಕದ ನಡುವಿನಲ್ಲಿ ಮಣಿಪಾಲದಲ್ಲಿ ಒಂದು ಸಣ್ಣ ಫ್ಯಾಕ್ಟರಿ ಶುರುವಾಯಿತು. ಇಂಟರ್‌ಕಾಮ್, ಬ್ಯಾಟರಿ ಚಾರ್ಜರ್ ಮಾಡುವ ಫ್ಯಾಕ್ಟರಿ. ಅದರ ಮಾಲೀಕರಾದ ಕಾಮತ್ ಸರ್ ಇಂಟರ್‌ವ್ಯೂನಲ್ಲಿ ಓಮನ ನಿಯಮ ಕೇಳಲಿಲ್ಲ. ನನ್ನ ಕೈಗೆ ಸೂಜಿ ನೂಲು ಕೊಟ್ಟು, "ಪೋಣಿಸಿ ನೋಡುವ" ಎಂದರು. ಒಂದೇ ಸಲಕ್ಕೆ ಪೋಣಿಸಿದೆ. ಅಪಾಯಿಂಟೆಡ್. ಎಲೆಕ್ಟ್ರಾನಿಕ್ಸ್ ಎಂಬ ಮಹಾ ಶಾಸ್ತ್ರಕ್ಕೆ ನಾನು ಕಾಲಿಟ್ಟದ್ದು ಸೂಜಿಯ ಕಣ್ಣಿನ ಮೂಲಕ.

ಬೇಗನೆ ನನ್ನನ್ನು ಸರ್ವಿಸ್ ಬೆಂಚಿಗೆ ಹಾಕಿದರು. ಕೆಟ್ಟ ಸೆಟ್ಟುಗಳನ್ನು ಕಸ್ಟಮರುಗಳು ಬಸ್ಸಿನಲ್ಲಿ ಕಳಿಸುತ್ತಿದ್ದರು, ನಾನು ಬಿಚ್ಚಿ ನೋಡುತ್ತಿದ್ದೆ. ಬಿಚ್ಚಿದ ಮೇಲೆ ಮನುಷ್ಯರ ಬಗ್ಗೆ ನನಗಿದ್ದ ಕಾನ್ವೆಂಟ್ ನಂಬಿಕೆಗಳು ಒಂದೊಂದಾಗಿ ಉದುರಿದವು. ಫ್ಯೂಸು ಹೋದರೆ ಅದೇ ಅಳತೆಯ ಬೇರೆ ಫ್ಯೂಸು ಹಾಕಬೇಕು. ನಮ್ಮ ಜನ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಅದೇ ಜಾಗದಲ್ಲಿ ಸಿಕ್ಕಿಸುತ್ತಿದ್ದರು. ಬೆಳ್ಳಿ ಕಾಗದ ಎಷ್ಟು ಕರೆಂಟ್ ಬಂದರೂ ಬೇಡವೆನ್ನುವುದಿಲ್ಲ. ಆಮೇಲೆ ಫ್ಯೂಸಿನ ಬದಲು ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಮಲ್ಪೆಯ ಬೋಟಿನವರೊಬ್ಬರು ಕರಟಿದ ಚಾರ್ಜರನ್ನು ಬೆಂಚಿನ ಮೇಲಿಟ್ಟಾಗ ಫ್ಯೂಸಿನ ಜಾಗದಲ್ಲಿ ಒಂದು ಮೊಳೆ ಇತ್ತು.

"ಇದೆಂತ ಮಾರಾಯ್ರೆ?" ಎಂದು ಕೇಳಿದೆ.

"ನಿಮ್ಮ ಫ್ಯೂಸು ವಾರಕ್ಕೊಮ್ಮೆ ಹೋಗ್ತದೆ ಬಾಯಮ್ಮ. ಇದು ನೋಡಿ, ಎಲ್ಲ ಸುಟ್ಟರೂ ಇದೊಂದು ಹಾಗೇ ಉಂಟು."

ಸರಿಯಾದ ಮಾತು. ಮೊಳೆಗೆ ಏನೂ ಆಗಿರಲಿಲ್ಲ.

ಎಂಬತ್ತರ ದಶಕದಲ್ಲಿ ಕಾಮತ್ ಸರ್ ಬೊಂಬಾಯಿಯ ಒಂದು ಎಕ್ಸಿಬಿಷನ್‌ಗೆ ಹೋಗಿ ಬಂದರು. ಅಲ್ಲಿಂದ ಮರಳುವಾಗಲೆಲ್ಲ ಅವರು ಏನಾದರೊಂದು ಹೊಸ ಜ್ಞಾನವನ್ನು ಅಂಟಿಸಿಕೊಂಡೇ ಬರುತ್ತಿದ್ದರು. ಆ ಸಲ ಜೇಬಿನಿಂದ ತೆಗೆದದ್ದು ಹಳದಿ ಬಣ್ಣದ ಚಪ್ಪಟೆ ಬಿಲ್ಲೆಗಳು. ಹುಣಸೆ ಬೀಜದಷ್ಟು ಗಾತ್ರ, ಎರಡು ಕಾಲು.

"ಫ್ಲೋರಿನ್ ಬಾಯಿ, ಇದು ಫ್ಯೂಸು," ಎಂದರು. "ಆದರೆ ಹೋಗುದಿಲ್ಲ. ಹೋದರೂ ತಾನೇ ಬರ್ತದೆ."

"ತಾನೇ ಬರುವುದಾದರೆ ಸರ್, ನನಗೆ ಎಂತ ಕೆಲಸ?"

"ಅದನ್ನೇ ನಾನೂ ಬಸ್ಸಿನಲ್ಲಿ ಯೋಚಿಸಿದೆ," ಎಂದರು. ನಕ್ಕದ್ದು ಅವರೊಬ್ಬರೇ.

ಅದರ ಗುಟ್ಟು ಇಷ್ಟು. ಪ್ಲಾಸ್ಟಿಕ್ಕಿನೊಳಗೆ ಇದ್ದಿಲಿನ ನುಣ್ಣನೆಯ ಪುಡಿ ಕಲಸಿರುತ್ತಾರೆ. ತಣ್ಣಗಿರುವಾಗ ಪುಡಿಯ ಕಣಗಳು ನಮ್ಮ ಕಾನ್ವೆಂಟ್ ಅಸೆಂಬ್ಲಿಯ ಹುಡುಗಿಯರ ಹಾಗೆ ಕೈಗೆ ಕೈ ತಾಗಿಸಿ ನಿಂತಿರುತ್ತವೆ. ಆ ಸಾಲಿನಲ್ಲಿ ಕರೆಂಟ್ ಸಲೀಸಾಗಿ ದಾಟುತ್ತದೆ. ಮಿತಿ ಮೀರಿ ಹರಿದರೆ ಬಿಲ್ಲೆ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಉಬ್ಬುತ್ತದೆ, ಕಣಗಳ ಕೈ ಬಿಟ್ಟುಹೋಗುತ್ತದೆ, ದಾರಿ ಮುಚ್ಚುತ್ತದೆ. ಪೂರ್ತಿ ಅಲ್ಲ. ಬಿಲ್ಲೆಯನ್ನು ಬಿಸಿಯಾಗಿಯೇ ಇಡುವಷ್ಟು ಕರೆಂಟ್ ಮಾತ್ರ ಜಿನುಗುತ್ತಿರುತ್ತದೆ. ಹಾಗಾಗಿ ತಪ್ಪು ಇರುವವರೆಗೆ, ಸ್ವಿಚ್ ಆನ್ ಇರುವವರೆಗೆ, ಅದು ಮುಚ್ಚಿದ್ದು ಮುಚ್ಚಿದ್ದೇ. ಸ್ವಿಚ್ ಆಫ್ ಮಾಡಿ ತಣಿಯಲು ಬಿಟ್ಟರೆ ಕುಗ್ಗಿ ಮೊದಲಿನಂತಾಗುತ್ತದೆ. ಮೈಮೇಲೆ ಮಸಿ ಇಲ್ಲ, ಗಾಯ ಇಲ್ಲ. ಮೂರ್ಛೆ ಹೋಗಿದ್ದೆ ಎಂದು ಅದು ಯಾರಿಗೂ ಹೇಳುವುದಿಲ್ಲ. ವೆಲ್ ಬ್ರಾಟ್ ಅಪ್ ಫ್ಯೂಸು.

ಒಳ್ಳೆಯ ಸಾಮಾನೇ. ಬೆಳ್ಳಿ ಕಾಗದಕ್ಕೂ ಮೊಳೆಗೂ ಅವಕಾಶವೇ ಇಲ್ಲ. ಬಿಲ್ಲೆಯನ್ನು ಬೋರ್ಡಿಗೇ ಬೆಸೆದುಬಿಟ್ಟರೆ ಆಯಿತು. ಕಾಮತ್ ಸರ್ ಎಲ್ಲ ಇಂಟರ್‌ಕಾಮುಗಳಿಗೂ ಅದನ್ನೇ ಹಾಕಿಸಿ, "ಇನ್ನು ಕಂಪ್ಲೇಂಟ್ ಬರುದಿಲ್ಲ" ಎಂದು ಘೋಷಿಸಿದರು.

ಕಂಪ್ಲೇಂಟ್ ಬಂತು. ರಿಪೇರಿ ಮಾಡಲು ಏನೂ ಇರುತ್ತಿರಲಿಲ್ಲ, ಅಷ್ಟೇ. ಸೆಟ್ಟು ಸತ್ತಿದೆ ಎಂದು ಕಳಿಸುತ್ತಾರೆ, ನಾನು ಬೆಂಚಿನ ಮೇಲಿಟ್ಟು ಸ್ವಿಚ್ ಹಾಕಿದರೆ ಚೆನ್ನಾಗಿ ಮಾತಾಡುತ್ತದೆ. ಬಸ್ಸಿನ ಟಾಪಿನಲ್ಲಿ ಬರುವಷ್ಟರಲ್ಲಿ ಬಿಲ್ಲೆ ತಣಿದು ಸಾಧುವಾಗಿರುತ್ತಿತ್ತು. ಪಡುಬಿದ್ರಿಯ ಲಾಡ್ಜಿನ ಯಜಮಾನರು ಒಂದೇ ಸೆಟ್ಟನ್ನು ಮತ್ತೆ ಮತ್ತೆ ಕಳಿಸಿ, ಕೊನೆಗೆ ತಾವೇ ಬಂದು ಬೆಂಚಿನ ಎದುರು ನಿಂತರು.

"ಮಣಿಪಾಲಕ್ಕೆ ಬಂದರೆ ಮನುಷ್ಯರು ಗುಣ ಆಗುದು ಗೊತ್ತುಂಟು. ಸೆಟ್ಟು ಸಹ ಗುಣ ಆಗ್ತದಾ ಬಾಯಿ? ಹಾಗಾದರೆ ನಮ್ಮ ಅತ್ತೆಯನ್ನೂ ಟಾಪಿನಲ್ಲಿ ಹಾಕಿ ಕಳಿಸ್ತೇನೆ."

ಇಂಥ ಸೆಟ್ಟುಗಳಿಗೆ ಕಟ್ಟಲು ಕಾಮತ್ ಸರ್ ಒಂದು ಚೀಟಿ ಅಚ್ಚು ಹಾಕಿಸಿದರು: ನೋ ಫಾಲ್ಟ್ ಫೌಂಡ್. ಕೆಳಗೆ ನನ್ನ ಸಹಿ. ತಪ್ಪು ಸಿಗಲಿಲ್ಲ ಎಂದು ನಾವು ಬರೆಯುತ್ತಿದ್ದೆವು, ತಪ್ಪೇ ಇಲ್ಲ ಎಂದು ಜನ ಓದುತ್ತಿದ್ದರು. ಇವೆರಡರ ನಡುವೆ ಎಷ್ಟು ಅಂತರವಿದೆ ಎಂಬುದನ್ನು ನನಗೆ ಹೇಳಿಕೊಟ್ಟದ್ದು ಕಾಪುವಿನ ಒಬ್ಬ ನರ್ಸ್.

ಒಂದು ದಿನ ಬೆಳಿಗ್ಗೆ ಬೆಂಚಿನ ಎದುರಿಗೆ ಬಂದು ನಿಂತಳು. ಮೂವತ್ತು ದಾಟಿರಬಹುದು, ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲಿ ನಮ್ಮ ಚೀಟಿ.

"ಇದನ್ನು ಬರೆದದ್ದು ನೀವಾ?"

"ಹೌದು. ಎಂತ ಆಯಿತು?"

"ನನ್ನ ಕೆಲಸ ಹೋಯಿತು."

ಅವಳ ಹೆಸರು ಸುಮತಿ. ಕಾಪುವಿನ ಒಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆ ವಾರ್ಡ್ ನೋಡಿಕೊಳ್ಳುತ್ತಿದ್ದಳು. ಅಂಗಳದ ಆಚೆ ಬದಿಗೆ ಡಾಕ್ಟರ ಮನೆ. ಹೆರಿಗೆ ಕೋಣೆಯಿಂದ ಡಾಕ್ಟರ ಮಂಚದ ತಲೆಯ ಹತ್ತಿರದವರೆಗೆ ನಮ್ಮ ಇಂಟರ್‌ಕಾಮ್. ಹಿಂದಿನ ವಾರ ಮಧ್ಯಾಹ್ನ ಡಾಕ್ಟರು ಊಟ ಮಾಡಿ ಮಲಗಿದ್ದಾಗ ಅಲ್ಲಿನ ವ್ಯಾಪಾರಿ ಇಸ್ಮಾಯಿಲ್ ಸಾಹೇಬರ ಸೊಸೆಗೆ ನೋವು ಒಮ್ಮೆಲೇ ಏರಿತು. ಸುಮತಿ ಗುಂಡಿ ಒತ್ತಿದಳು. ಉತ್ತರವಿಲ್ಲ. ಒತ್ತಿ ಒತ್ತಿ ಸಾಕಾಗಿ ಆಯಾಳನ್ನು ಓಡಿಸಿದಳು. ಬಾಗಿಲು ತಟ್ಟಿ, ಡಾಕ್ಟರು ಎದ್ದು ಬರುವಷ್ಟರಲ್ಲಿ ಮಗು ಹೊರಗಿತ್ತು. ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿ ನೀಲಿಯಾಗಿದ್ದ ಮಗುವನ್ನು ಬಿಡಿಸಿ, ಉಸಿರು ಹಿಡಿಸಿ, ಅಳಿಸಿದ್ದು ಸುಮತಿ.

"ಜಗಲಿಯಲ್ಲಿ ಅವರ ಮನೆಯವರೆಲ್ಲ ಇದ್ದರು," ಎಂದಳು. "ಡಾಕ್ಟ್ರು ಯಾಕೆ ಲೇಟು ಅಂತ ಕೇಳಿದರು. 'ಇಂಟರ್‌ಕಾಮ್ ನನ್ನ ತಲೆಯ ಹತ್ತಿರವೇ ಉಂಟು, ಸಿಸ್ಟರ್ ಕರೆಯಲೇ ಇಲ್ಲ, ನಿದ್ರೆ ಬಂದಿರಬೇಕು' ಅಂದರು ಡಾಕ್ಟ್ರು. ಸಂಜೆಗೆ ಒತ್ತಿ ನೋಡಿದರೆ ಸೆಟ್ಟು ಸರಿ ಉಂಟು. ಇಲ್ಲಿಗೆ ಕಳಿಸಿದರು, ನೀವೂ ಸರಿ ಉಂಟು ಅಂತ ಬರೆದಿರಿ. ಈಗ ಡಾಕ್ಟ್ರು ಈ ಚೀಟಿಯನ್ನೇ ನನಗೆ ಕೊಟ್ಟು ಮನೆಗೆ ಹೋಗು ಅಂದಿದ್ದಾರೆ. ಕೆಲಸ ಬೇರೆ ಕಡೆ ಸಿಕ್ಕೀತು. ಕಾಪುವಿನಲ್ಲಿ ಎಲ್ಲಿ ಹೋದರೂ ನಾನು ನಿದ್ರೆ ಮಾಡಿದ ನರ್ಸ್."

ಅಳಲಿಲ್ಲ. ಅತ್ತಿದ್ದರೆ ಕಾಮತ್ ಸರ್ ಒಂದು ಕಾಫಿ ತರಿಸಿ ಕಳಿಸಿಬಿಡುತ್ತಿದ್ದರು. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅವರು ಹೊರಗೆ ಬಂದು, "ನಮ್ಮ ಸೆಟ್ಟು ಹೆರಿಗೆಯ ಹೊತ್ತಿಗೆ ಸತ್ತಿತ್ತು ಅಂತ ನಾವೇ ಹೋಗಿ ಪ್ರೂವ್ ಮಾಡುದಾ ಬಾಯಿ? ಬಿಸ್ನೆಸ್ ಸೆನ್ಸ್ ಎಂತ ಉಂಟು ಇದರಲ್ಲಿ?" ಎಂದರು.

"ಸತ್ತಿರದಿದ್ದರೆ ಅದನ್ನೇ ಪ್ರೂವ್ ಮಾಡ್ತೇನೆ ಸರ್."

ಇದು ಅವರಿಗೆ ಹಿಡಿಸಿತು. ಬಸ್ ಚಾರ್ಜು ಸಹ ಮಂಜೂರಾಯಿತು.

ಮರುದಿನವೇ ಕಾಪುವಿಗೆ ಹೋದೆ. ಸುಮತಿ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದಳು, ಗೇಟಿನೊಳಗೆ ನನ್ನ ಹಿಂದೆಯೇ ಬಂದಳು. ಡಾಕ್ಟರು ಎತ್ತರದ ಆಳು, ಮಾತು ಮೆಲ್ಲಗೆ, ಯಾರೂ ತನ್ನ ಮಾತಿಗೆ ಎದುರು ಹೇಳಿ ಅಭ್ಯಾಸವಿಲ್ಲದವರ ಮೆಲ್ಲಗೆ. "ನಿಮ್ಮದೇ ಸರ್ಟಿಫಿಕೇಟ್ ಉಂಟಲ್ಲ ಮೇಡಂ. ಮತ್ತೆ ಯಾಕೆ ತೊಂದರೆ ತೆಗೆದುಕೊಂಡಿರಿ?" ಎಂದರು ಇಂಗ್ಲಿಷಿನಲ್ಲಿ. ನಾನು ಕಾನ್ವೆಂಟಿನ ಇಂಗ್ಲಿಷಿನಲ್ಲಿಯೇ ಸಾರಿ ಹೇಳಿ ಟೂಲ್ ಬ್ಯಾಗ್ ಬಿಚ್ಚಿದೆ.

ಕಾಂಪೌಂಡರ್ ಶೇಖರನ ಔಷಧಿ ಕೋಣೆಯ ಗೋಡೆಯಲ್ಲಿ ಇಂಟರ್‌ಕಾಮಿನ ಪವರ್ ಬಾಕ್ಸ್. ನಮ್ಮ ಹಳದಿ ಬಿಲ್ಲೆ ಇರುವುದು ಅದರೊಳಗೆ. ಅಲ್ಲಿಂದ ಒಂದು ವಯರು ಹೆರಿಗೆ ಕೋಣೆಗೆ, ಒಂದು ಡಾಕ್ಟರ ಮನೆಗೆ. ಸುಮತಿ ಹೆರಿಗೆ ಕೋಣೆಯಿಂದ "ಹಲೋ" ಎಂದಳು, ಡಾಕ್ಟರ ಮಂಚದ ಹತ್ತಿರ ಸ್ಪಷ್ಟವಾಗಿ ಕೇಳಿತು. ಗುಂಡಿ ಒತ್ತಿ ನೋಡಿದೆ, ವಯರು ಎಳೆದು ನೋಡಿದೆ, ಬಾಕ್ಸಿಗೆ ಎರಡು ಪೆಟ್ಟು ಕೊಟ್ಟೆ. ಹಲೋ, ಹಲೋ. ಬೆಳಗಿನಿಂದ ಮಧ್ಯಾಹ್ನದವರೆಗೆ ಸುಮತಿ ತನ್ನ ಬಾಯಿಯಿಂದಲೇ ತನ್ನನ್ನು ಸುಳ್ಳುಗಾರ್ತಿ ಮಾಡಿಕೊಳ್ಳುತ್ತಾ ಹಲೋ ಎನ್ನುತ್ತಿದ್ದಳು. ಡಾಕ್ಟರು ಪೇಶಂಟುಗಳ ನಡುವೆ ಒಮ್ಮೊಮ್ಮೆ ಇಣುಕಿ, "ಎನಿ ಲಕ್?" ಎಂದು ಕೇಳಿ ಹೋಗುತ್ತಿದ್ದರು.

ಸ್ಕ್ರೂ ಡ್ರೈವರನ್ನು ಬ್ಯಾಗಿಗೆ ಹಾಕುತ್ತಿದ್ದೆ. ಆಗ ಹೊರಗಿನ ಜಗಲಿಯಲ್ಲಿ ಗಂಟಲು ಕಟ್ಟಿದ ಕೋಣ ಕೂಗಿದ ಹಾಗೆ ಒಂದು ಶಬ್ದ ಬಂತು. ನಾನು ಬೆಚ್ಚಿಬಿದ್ದೆ. ಬೇರೆ ಯಾರೂ ತಲೆ ಎತ್ತಲಿಲ್ಲ.

"ಅದೆಂತದು?"

"ಹಾರ್ನ್," ಎಂದ ಶೇಖರ ಮಾತ್ರೆ ಎಣಿಸುತ್ತಾ. "ಡಾಕ್ಟ್ರಿಗೆ ಊಟಕ್ಕೆ."

ಶಬ್ದ ಕೆಲವು ಕ್ಷಣ ಎಳೆದು, ಕುಗ್ಗಿ, ನಿಂತಿತು. ಡಾಕ್ಟರು ಕೈ ತೊಳೆದುಕೊಂಡು ಅಂಗಳ ದಾಟಿ ಊಟಕ್ಕೆ ಹೋದರು.

"ಸುಮತೀ," ಎಂದು ಕೂಗಿದೆ, "ಒಮ್ಮೆ ಹಲೋ ಹೇಳಿ."

ಅವಳು ಹೇಳಿದಳಂತೆ. ಇಂಟರ್‌ಕಾಮಿನಲ್ಲಿ ಡಾಕ್ಟರ ಮಂಚದ ಹತ್ತಿರ ಕಿವಿಗೊಟ್ಟು ನಿಂತಿದ್ದ ಆಯಾಳಿಗೆ ಏನೂ ಕೇಳಲಿಲ್ಲ.

ಪವರ್ ಬಾಕ್ಸಿನ ಮುಚ್ಚಳ ತೆಗೆದು ಬಿಲ್ಲೆಯನ್ನು ಮುಟ್ಟಿದೆ. ಬೆರಳು ಚುರ್ರೆಂದಿತು. ಅಷ್ಟು ಸಂತೋಷ ಕೊಟ್ಟ ಸುಟ್ಟಗಾಯ ನನಗೆ ಇನ್ನೊಂದಿಲ್ಲ. "ಯಾರೂ ಸ್ವಿಚ್ ಮುಟ್ಟಬೇಡಿ," ಎಂದೆ. ಆಮೇಲೆ ಬಾಕ್ಸಿನ ಹಿಂಬದಿ ಕೈಹಾಕಿ ನೋಡಿದರೆ ನಮ್ಮದಲ್ಲದ ಒಂದು ಜೋಡಿ ವಯರು ಗೋಡೆಯ ಕಿಂಡಿಯಿಂದ ಹೊರಗೆ ಹೋಗಿತ್ತು.

"ಶೇಖರಣ್ಣ, ಇದು?"

"ಹಾರ್ನಿನದ್ದು. ಡಾಕ್ಟ್ರ ಹಳೆ ಕಾರಿನದ್ದು, ಹನ್ನೆರಡು ವೋಲ್ಟ್. ನಿಮ್ಮ ಬಾಕ್ಸಿನಲ್ಲಿ ಸಹ ಹನ್ನೆರಡು ವೋಲ್ಟೇ ಅಲ್ವಾ? ಅಲ್ಲಿಂದಲೇ ಕೊಟ್ಟೆ."

"ನಮಗೆ ಇದನ್ನು ಯಾಕೆ ಹೇಳಲಿಲ್ಲ?"

"ನೀವು ಇಂಟರ್‌ಕಾಮ್ ಬಗ್ಗೆ ಕೇಳಿದಿರಿ. ಇದು ಊಟದ್ದಲ್ವಾ?"

ಹೆರಿಗೆ ಕೋಣೆಯಿಂದ ಬಂದು ನಿಂತಿದ್ದ ಸುಮತಿಯತ್ತ ನೋಡಿದೆ. "ಹಾರ್ನ್ ದಿನಾ ಕೇಳ್ತದೆ," ಎಂದಳು ಮೆಲ್ಲಗೆ. "ಅದು ಊಟದ್ದೇ ಅಲ್ವಾ ಅಂತ ನಾನೂ..."

ಕಾರಿನ ಹಾರ್ನ್ ನುಂಗುವ ಕರೆಂಟಿನಲ್ಲಿ ನಮ್ಮ ಇಂಟರ್‌ಕಾಮುಗಳ ಒಂದು ಸಂಸಾರವೇ ನಡೆಯುತ್ತದೆ. ಹಳೆಯ ಸೆಟ್ಟಿನಲ್ಲಿ ಗಾಜಿನ ಫ್ಯೂಸು ಹೋಗಿ ಹೋಗಿ ಬೇಸತ್ತ ಶೇಖರ ಬೆಳ್ಳಿ ಕಾಗದ ಸುತ್ತಿದ್ದನಂತೆ. ಕೊನೆಗೆ ಆ ಸೆಟ್ಟೇ ಸುಟ್ಟಿತು. ಅದರ ಬದಲಿಗೆ ಬಂದದ್ದು ನಮ್ಮ ಹೊಸದು, ತಾನೇ ಮೂರ್ಛೆ ಹೋಗಿ ತಾನೇ ಏಳುವಂಥದ್ದು.

ಆದರೂ ಒಂದು ಲೆಕ್ಕ ತಪ್ಪುತ್ತಿತ್ತು. ಹಾರ್ನಿನ ಗುಂಡಿ ಬಿಟ್ಟರೆ ಹೊರೆ ಇಳಿಯುತ್ತದೆ. ಇಂಟರ್‌ಕಾಮ್ ಮಧ್ಯಾಹ್ನವಿಡೀ ಸತ್ತಿದ್ದು ಯಾಕೆ? ವಯರು ಹಿಡಿದು ಅಂಗಳ ದಾಟಿ ಹೋದೆ. ಅದು ಡಾಕ್ಟರ ಅಡುಗೆ ಮನೆಗೆ ಹೋಗಿ ಬಾಗಿಲ ಚೌಕಟ್ಟಿನ ಬೆಲ್ ಗುಂಡಿಯಲ್ಲಿ ಮುಗಿದಿತ್ತು. ಗುಂಡಿ ಒಳಗೇ ಒತ್ತಿಕೊಂಡಿತ್ತು. ಅದರ ಸಂದಿನಲ್ಲಿ ಒಂದು ಬೆಂಕಿಕಡ್ಡಿ.

ಡಾಕ್ಟರ ಹೆಂಡತಿ ಲೀಲಮ್ಮ ಸಾರಿನ ಸೌಟು ಹಿಡಿದು ನಿಂತಿದ್ದರು. "ಒಂದು ಸಲ ಒತ್ತಿದರೆ ಇವರು ಏಳುದಿಲ್ಲ," ಎಂದರು. "ಒತ್ತಿಕೊಂಡೇ ನಿಂತರೆ ಗಂಜಿ ಬಸಿಯಲು ಅನ್ನ ಬಾಗಿಸುವವರು ಯಾರು? ಅದಕ್ಕೇ ಕಡ್ಡಿ ಸಿಕ್ಕಿಸ್ತೇನೆ. ಶಬ್ದ ನಿಂತರೆ ಇವರು ಎದ್ದರು ಅಂತ ಅರ್ಥ."

"ಶಬ್ದ ಯಾಕೆ ನಿಲ್ತದೆ ಅಮ್ಮ, ಕಡ್ಡಿ ಇಲ್ಲೇ ಉಂಟಲ್ಲ?"

ಲೀಲಮ್ಮ ಕಡ್ಡಿಯನ್ನು ನೋಡಿದರು, ಊಟಕ್ಕೆ ಕೂತಿದ್ದ ಗಂಡನನ್ನು ನೋಡಿದರು. ಅಷ್ಟು ಕಾಲ ಅವರಿಗೆ ಆ ಪ್ರಶ್ನೆ ಬಂದಿರಲಿಲ್ಲ. ಹಾರ್ನ್ ತನ್ನಷ್ಟಕ್ಕೆ ನಿಂತಾಗ ಅವರು ಗಂಡ ಎದ್ದರೆಂದುಕೊಂಡರು, ಗಂಡನಾದರೋ ಹೆಂಡತಿ ಕೈ ತೆಗೆದಳೆಂದುಕೊಂಡರು. ನಡುವೆ ನಮ್ಮ ಬಿಲ್ಲೆ ಮೂರ್ಛೆ ಬಿದ್ದಿತ್ತು. ಕಡ್ಡಿ ಇರುವವರೆಗೆ ಅದು ಏಳುವಂತಿಲ್ಲ. ಸಂಜೆ ಗುಡಿಸುವ ಹೆಂಗಸು ಕಡ್ಡಿ ಎಳೆದು ಒಲೆಗೆ ಹಾಕುತ್ತಿದ್ದಳು. ದಿನದ ಪವರ್ ಕಟ್ಟಿನಲ್ಲಿ ಬಿಲ್ಲೆ ತಣಿಯುತ್ತಿತ್ತು. ಆಮೇಲೆ ಯಾರು ಒತ್ತಿದರೂ ಹಲೋ.

ಡಾಕ್ಟರ ಕೈಯ ತುತ್ತು ಕೈಯಲ್ಲೇ ಇತ್ತು. ನಾನು ಕಡ್ಡಿ ಎಳೆದೆ, ಮೈನ್ ಸ್ವಿಚ್ ತೆಗೆಸಿದೆ, ಎಲ್ಲರೂ ಕಾದೆವು. ಸ್ವಿಚ್ ಹಾಕಿದ ಮೇಲೆ ಮಲಗುವ ಕೋಣೆಯಿಂದ ಸುಮತಿಯ ಸ್ವರ ಬಂತು. ಈ ಸಲ ಹಲೋ ಎನ್ನಲಿಲ್ಲ. "ಡಾಕ್ಟ್ರೇ, ಕೇಳ್ತದಾ?" ಎಂದಳು. ಡಾಕ್ಟರು ತುತ್ತು ನುಂಗಿದರು.

ಅವಳು ಅಂಗಳ ದಾಟಿ ಬಂದಾಗ, "ಸರಿ ಸಿಸ್ಟರ್, ನಾಳೆಯಿಂದ ಡ್ಯೂಟಿಗೆ ಬನ್ನಿ. ಆದದ್ದು ಆಯಿತು," ಎಂದರು, ಏನೂ ನಡೆದೇ ಇಲ್ಲವೆಂಬಂತೆ. ನಮ್ಮ ಬಿಲ್ಲೆಯ ನೆನಪಾಯಿತು ನನಗೆ.

"ಇಸ್ಮಾಯಿಲ್ ಸಾಹೇಬರ ಮನೆಯಲ್ಲಿ ಯಾರು ಹೇಳ್ತಾರೆ ಡಾಕ್ಟ್ರೇ?" ಎಂದಳು ಸುಮತಿ.

"ಮಗು ಚೆನ್ನಾಗುಂಟಲ್ಲ. ಹಳೆ ವಿಷಯ ಯಾಕೆ ಕೆದಕುದು?"

"ಹಾಗಾದರೆ ನಾನು ಬರುದಿಲ್ಲ."

ಲೀಲಮ್ಮ ಸೌಟನ್ನು ಪಾತ್ರೆಯಲ್ಲಿಟ್ಟು, ಕೈ ಒರೆಸಿಕೊಂಡು, ನನ್ನ ಕೈಯಿಂದ ಬೆಂಕಿಕಡ್ಡಿಯನ್ನು ತೆಗೆದುಕೊಂಡರು. "ಕಡ್ಡಿ ನನ್ನದು. ನಾನು ಹೇಳ್ತೇನೆ. ಶೇಖರಾ, ಕಾರು ತೆಗಿ. ನೀವೂ ಬನ್ನಿ ಬಾಯಿ, ಆ ಫ್ಯೂಸಿನ ಕತೆ ನನಗೆ ಹೇಳಲಿಕ್ಕೆ ಬರುದಿಲ್ಲ."

"ಊಟ?" ಎಂದರು ಡಾಕ್ಟರು.

"ಬಡಿಸಿದ್ದುಂಟಲ್ಲ," ಎಂದರು ಲೀಲಮ್ಮ.

ಇಸ್ಮಾಯಿಲ್ ಸಾಹೇಬರ ಮನೆಯಲ್ಲಿ ನಮ್ಮೆದುರು ಕುಳಿತದ್ದು ಅವರ ತಾಯಿ. ಎಲ್ಲರೂ ಉಮ್ಮ ಎಂದು ಕರೆಯುತ್ತಿದ್ದ ಮುದುಕಿ. ಸುಮತಿಯನ್ನು ಕಂಡು ಮುಖ ತಿರುಗಿಸಿದರು. ಲೀಲಮ್ಮ ಹೇಳಿದರು, ಒಂದನ್ನೂ ಮುಚ್ಚಿಡದೆ. ನಾನು ಇದ್ದಿಲಿನ ಪುಡಿ, ಪ್ಲಾಸ್ಟಿಕ್, ಮಿತಿ ಮೀರಿದ ಕರೆಂಟ್ ಎಂದು ಕಾನ್ವೆಂಟ್ ಅಸೆಂಬ್ಲಿಯ ಹುಡುಗಿಯರನ್ನೂ ಸೇರಿಸಿ ಲೆಕ್ಚರ್ ಕೊಟ್ಟೆ. ಉಮ್ಮ ನನ್ನ ಲೆಕ್ಚರನ್ನು ಕೈಯೆತ್ತಿ ನಿಲ್ಲಿಸಿದರು.

"ಕಡ್ಡಿ ಇಟ್ಟದ್ದು ಇವರು. ಉಂಡು ಮಲಗಿದ್ದು ಡಾಕ್ಟ್ರು. ಮಗುವನ್ನು ಹಿಡಿದದ್ದು ಇವಳು. ಬೈಗಳು ತಿಂದದ್ದು ಸಹ ಇವಳು. ಹೀಗಲ್ವಾ?"

ನನ್ನ ಲೆಕ್ಚರಿಗಿಂತ ಸ್ಪಷ್ಟವಾಗಿತ್ತು. ಹೌದೆಂದೆವು.

ಉಮ್ಮ ಒಳಗೆ ಹೋದರು. ಹೊರಗೆ ಬರುವಾಗ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು, ಏನೂ ಹೇಳದೆ, ಸುಮತಿಯ ಮಡಿಲಿಗೆ ಹಾಕಿದರು. ಅದುವರೆಗೆ ಅಳದಿದ್ದವಳು ಆಗ ಅತ್ತಳು. ಮಗು ನಿದ್ದೆ ಹೋಗಿತ್ತು. ಆ ಇಡೀ ಪ್ರಕರಣದಲ್ಲಿ ನಿದ್ದೆ ಮಾಡುವ ಹಕ್ಕು ಇದ್ದದ್ದು ಅದಕ್ಕೊಂದಕ್ಕೇ.

ಮಣಿಪಾಲಕ್ಕೆ ಮರಳಿದ ಮೇಲೆ ಕಾಮತ್ ಸರ್ ಹತ್ತಿರ ಒಂದು ಹಟ ಹಿಡಿದೆ. ಬಿಲ್ಲೆಗೆ ಜೊತೆಯಾಗಿ ಒಂದು ಪುಟ್ಟ ಕೆಂಪು ದೀಪ ಹಾಕಬೇಕು, ಕರೆಯುವವರ ಕಡೆ, ಕೇಳುವವರ ಕಡೆ, ಎರಡೂ ತುದಿಗಳಲ್ಲಿ. ಬಿಲ್ಲೆ ದಾರಿ ಬಿಟ್ಟಿರುವಾಗ ದೀಪಕ್ಕೆ ಏನೂ ಸಿಗುವುದಿಲ್ಲ. ಬಿಲ್ಲೆ ದಾರಿ ಮುಚ್ಚಿದ ಕೂಡಲೇ ದೀಪ ಹೊತ್ತುತ್ತದೆ. ಮೂರ್ಛೆ ಹೋದರೆ ಹೋಗಲಿ, ಹೋಗಿದ್ದೇನೆ ಎಂದು ಹೇಳಲಿ. ಸರ್ ಖರ್ಚು ಹೆಚ್ಚಾಯಿತೆಂದು ಗೊಣಗಿದರು. ಮುಂದಿನ ಎಕ್ಸಿಬಿಷನ್ನಿನ ಬ್ರೋಷರಿನಲ್ಲಿ ಅದೇ ದೀಪ "ನಮ್ಮ ಆರ್ ಅಂಡ್ ಡಿ ವಿಭಾಗದ ದೀರ್ಘ ಸಂಶೋಧನೆಯ ಫಲ" ಆಗಿತ್ತು. ನಮ್ಮ ಫ್ಯಾಕ್ಟರಿಯ ಆರ್ ಅಂಡ್ ಡಿ ವಿಭಾಗವೆಂದರೆ ಕಾಪುವಿನ ಒಂದು ಅಡುಗೆ ಮನೆ.

ನೋ ಫಾಲ್ಟ್ ಫೌಂಡ್ ಚೀಟಿಗೆ ಆಮೇಲೆ ನಾನು ಸಹಿ ಹಾಕಲಿಲ್ಲ. ಸೆಟ್ಟು ಬೆಂಚಿನ ಮೇಲೆ ಚೆನ್ನಾಗಿ ನಡೆದರೆ ಅದು ಎಲ್ಲಿಂದ ಬಂತೋ ಅಲ್ಲಿಗೆ ಬಸ್ಸು ಹತ್ತುತ್ತಿದ್ದೆ. ಮಕ್ಕಳೇ, ನಿಮಗೆ ಹೇಳಬೇಕಾದ್ದೂ ಇಷ್ಟೇ. ನಿಮ್ಮ ಕೈಯ ಫೋನಿನ ಚಾರ್ಜರಿನಿಂದ ಹಿಡಿದು ಕಂಪ್ಯೂಟರಿನ ಕಿಂಡಿಯವರೆಗೆ ಎಲ್ಲೆಲ್ಲೋ ಈ ಬಿಲ್ಲೆಯ ಮೊಮ್ಮಕ್ಕಳು ಕೂತಿವೆ, ಅಕ್ಕಿ ಕಾಳಿಗಿಂತ ಚಿಕ್ಕದಾಗಿ. ಕೆಂಪು ದೀಪ ಹಾಕುವಷ್ಟು ಜಾಗ ಅಲ್ಲಿಲ್ಲ. ಸೆಟ್ಟು ಸತ್ತಿತ್ತು ಎಂದು ಯಾರಾದರೂ ಹೇಳಿದರೆ, ನಿಮ್ಮ ಮೀಟರಿಗಿಂತ ಮೊದಲು ಅವರನ್ನು ನಂಬಿ. ಅವರ ಮನೆಯಲ್ಲಿ ಊಟಕ್ಕೆ ಹೇಗೆ ಕರೆಯುತ್ತಾರೆ ಎಂದು ಕೇಳಿ.

ಸುಮತಿ ಅದೇ ನರ್ಸಿಂಗ್ ಹೋಮಿಗೆ ಮರಳಿದಳು. ಕೆಂಪು ದೀಪದ ಮೊದಲ ಸೆಟ್ಟನ್ನು ನಾನೇ ಹೋಗಿ ಹಾಕಿ ಬಂದೆ, ಹಾರ್ನಿನ ವಯರನ್ನು ನನ್ನ ಕೈಯಾರೆ ಕತ್ತರಿಸಿದೆ. ಲೀಲಮ್ಮ ಆಮೇಲೆ ಊಟಕ್ಕೆ ಕರೆಯುವುದನ್ನೇ ಬಿಟ್ಟರು. ಬಡಿಸಿ ಮುಚ್ಚಿಟ್ಟು ತಾವು ಉಣ್ಣಲು ಕೂರುತ್ತಿದ್ದರಂತೆ. ಡಾಕ್ಟರು ಮೊದಲ ದಿನ ತಣ್ಣಗಿನ ಸಾರು ಉಂಡರು. ಎರಡನೆಯ ದಿನದಿಂದ, ಹಾರ್ನಿಲ್ಲದೆ, ಕಡ್ಡಿಯಿಲ್ಲದೆ, ಹೊತ್ತಿಗೆ ಸರಿಯಾಗಿ ತಾವೇ ಎದ್ದು ಬರುತ್ತಿದ್ದರು.

ಸುಮತಿಯ ಹತ್ತಿರ ಅವರು ಸಾರಿ ಹೇಳಿದರೇ ಎಂದು ಒಮ್ಮೆ ಕೇಳಿದೆ.

"ಇಲ್ಲ ಬಾಯಿ," ಎಂದಳು. "ಆದರೆ ಈಗ ಇಂಟರ್‌ಕಾಮಿನಲ್ಲಿ ನಾನು ಉಸಿರೆಳೆದರೂ ಸಾಕು, 'ಹಾಂ, ಬಂದೆ ಸಿಸ್ಟರ್' ಅಂತಾರೆ."